ಬಿಸಿಲಿಗೆ ಹೊಲಿಸಿದ ಅಂಗಿ

ಬೂದಿಕೋಟೆಯ ಬಿಸಿಲು ಒಣ ಬಿಸಿಲು. ಕರಾವಳಿಯ ಬಿಸಿಲಿನಂತೆ ಮೈಗೆ ಅಂಟಿಕೊಳ್ಳುವುದಿಲ್ಲ, ನೇರವಾಗಿ ಸುಡುತ್ತದೆ. ಬೂದಿಕೋಟೆ ಇರುವ ಕೋಲಾರದ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಉಳಿದಂತೆ ಬಂಡೆ, ಜಾಲಿ, ಕೆಂಪು ಮಣ್ಣು, ಗಾಳಿ. ಇಂಥ ಕಡೆ ಬೆಳಗಿನಿಂದ ಸಂಜೆವರೆಗೆ ಹೊರಗೇ ಇರುವವರು ಏನು ಉಡಬೇಕು, ಏನು ತೊಡಬೇಕು ಎಂಬ ಮಾತನ್ನು ಈ ಹವೆಯಿಂದಲೇ ಶುರು ಮಾಡಬೇಕು, ಬಟ್ಟೆ ಅಂಗಡಿಯಿಂದಲ್ಲ.

ಈಚೆಗೆ ಈ ಪ್ರಶ್ನೆ ಕೇಳುವವರು ಹೆಚ್ಚಾಗಿದ್ದಾರೆ. ಭಾನುವಾರ ಬಂತೆಂದರೆ ಬೆಂಗಳೂರಿನ ಹುಡುಗ ಹುಡುಗಿಯರು ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಬರುತ್ತಾರೆ. ಹೈದರಾಲಿ ಹುಟ್ಟಿದ ಊರು, ಹಳೆಯ ಕೋಟೆ, ಮಾರ್ಕಂಡೇಯ ಜಲಾಶಯ ಎಂದು ಕೇಳಿ ಕೆಲವರು ಬೂದಿಕೋಟೆಯವರೆಗೂ ಬರುತ್ತಾರೆ. ಅರ್ಧ ತೋಳಿನ ಬಿಗಿ ಟೀ ಶರ್ಟು, ಮೈಗೆ ಅಂಟಿದ ಪ್ಯಾಂಟು, ಬರಿ ತಲೆ, ಹೊಳೆಯುವ ಹೊಸ ಷೂ. ಹನ್ನೊಂದು ಗಂಟೆಯ ಹೊತ್ತಿಗೆ ಕತ್ತು ಕೆಂಪಾಗಿ, ಮುಖ ಬಾಡಿ, ಬಂಡೆಯ ಮರೆ ಹುಡುಕಿ ಕೂತಿರುತ್ತಾರೆ. ಅದೇ ಹೊತ್ತಿಗೆ ರಸ್ತೆಯ ಎರಡೂ ಬದಿಯ ಟೊಮೆಟೊ ತೋಟಗಳಲ್ಲಿ ನಮ್ಮ ಹೆಂಗಸರು ಗಂಡಸರು ಬಗ್ಗಿ ಕೆಲಸ ಮಾಡುತ್ತಲೇ ಇರುತ್ತಾರೆ. ಅವರ ಮೈ ಬಿಸಿಲಿಗೆ ಪಳಗಿದೆ ಎನ್ನುವುದು ನಿಜ, ಆದರೆ ಅದೊಂದೇ ಕಾರಣವಲ್ಲ. ಅವರ ಮೈಮೇಲಿನ ಬಟ್ಟೆಯನ್ನು ಗಮನವಿಟ್ಟು ನೋಡಿ. ಮುಖ, ಅಂಗೈ, ಪಾದ ಬಿಟ್ಟರೆ ಬಿಸಿಲಿಗೆ ಸಿಗುವ ಚರ್ಮವೇ ಇಲ್ಲ.

ಸೆಖೆಗೆ ಬಟ್ಟೆ ಕಡಿಮೆ ಹಾಕಬೇಕು ಎನ್ನುವುದು ಕರಾವಳಿಯ ಬುದ್ಧಿ. ಅಲ್ಲಿಗೆ ಅದು ಸರಿ. ಗಾಳಿಯಲ್ಲೇ ನೀರು ತುಂಬಿಕೊಂಡಿರುವ ಊರಿನಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಮೈ ಬಿಚ್ಚಿಟ್ಟು ಗಾಳಿಗೆ ಒಡ್ಡುವುದೇ ಲೇಸು. ತುಳುನಾಡಿನ ರೈತ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟಕ್ಕೊಂದು ತುಂಡು ಬಟ್ಟೆ ಇಟ್ಟುಕೊಂಡು ಗದ್ದೆಗಿಳಿಯುತ್ತಿದ್ದುದು ಅದಕ್ಕೇ. ಬಯಲುಸೀಮೆಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಮುಚ್ಚಿಕೊಂಡವರೇ ತಂಪಾಗಿರುತ್ತಾರೆ.

ಅದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಚರ್ಮದ ಕಾವು ಸುಮಾರು 34-35 ಡಿಗ್ರಿ ಸೆಲ್ಸಿಯಸ್. ಸುತ್ತಲ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಕಾವು ಗಾಳಿಗೆ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಳಿಯೇ 37-38 ಡಿಗ್ರಿ ಮುಟ್ಟಿದಾಗ ಅದರ ಕಾವು ಮೈಗೆ ಬರತೊಡಗುತ್ತದೆ. ಆಗ ದೇಹಕ್ಕೆ ಉಳಿಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು, ಅದನ್ನು ಬಹುಪಾಲು ಮೈಯಿಂದಲೇ ಎಳೆದುಕೊಳ್ಳುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿಲ್ಲ, ಮೈಮೇಲೇ ಆರಿದ ಬೆವರಿನಿಂದ ಮಾತ್ರ. ಬಟ್ಟೆ ಮಾಡಬೇಕಾದ ಕೆಲಸ ಎರಡು. ನೇರ ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯಬೇಕು, ಬೆವರು ಆರಲು ಗಾಳಿಗೆ ದಾರಿ ಬಿಡಬೇಕು. ಮೊದಲನೆಯದಕ್ಕೆ ಬಟ್ಟೆ ಉದ್ದವಿರಬೇಕು, ಎರಡನೆಯದಕ್ಕೆ ಸಡಿಲವಿರಬೇಕು.

ಮರಳುಗಾಡಿನ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರೆ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ ಎಂದು ಶಾಲೆಯಲ್ಲಿ ಓದಿದವರಿಗೆಲ್ಲ ಇದು ಒಗಟು. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶ್ಕೋಲ್ನಿಕ್ ಮತ್ತು ಅವರ ಜೊತೆಗಾರರು ಇದಕ್ಕೆ ಉತ್ತರ ಕೊಟ್ಟರು. ಮರಳುಗಾಡಿನ ಬಿಸಿಲಲ್ಲಿ ಒಬ್ಬ ವ್ಯಕ್ತಿಯನ್ನು ಕಪ್ಪು ನಿಲುವಂಗಿ, ಬಿಳಿ ನಿಲುವಂಗಿ, ಸೈನ್ಯದ ಸಮವಸ್ತ್ರ, ಚಡ್ಡಿ ಹೀಗೆ ಬೇರೆ ಬೇರೆ ಉಡುಪಿನಲ್ಲಿ ನಿಲ್ಲಿಸಿ ಅಳೆದರು. ಕಪ್ಪು ಬಟ್ಟೆ ಹೆಚ್ಚು ಕಾವು ಹೀರಿದ್ದು ನಿಜ. ಆದರೆ ನಿಲುವಂಗಿ ಸಡಿಲವಾಗಿದ್ದುದರಿಂದ ಒಳಗೆ ಗಾಳಿ ಆಡಿ, ಆ ಹೆಚ್ಚಿನ ಕಾವು ಚರ್ಮ ಮುಟ್ಟುವ ಮೊದಲೇ ಹೊರಗೆ ಹೋಯಿತು. ಮೈಗೆ ತಲುಪಿದ ಕಾವು ಕಪ್ಪಾದರೂ ಬಿಳಿಯಾದರೂ ಒಂದೇ. ಅಂದರೆ ಬಣ್ಣಕ್ಕಿಂತ ದೊಡ್ಡ ವಿಷಯ ಸಡಿಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂದು ಅಂಗಡಿಯಲ್ಲಿ ‘ಔಟ್‌ಡೋರ್’ ಎಂದು ಮಾರುವ ಬಟ್ಟೆಯಲ್ಲಿ ಬಹಳಷ್ಟು ಮೈಗೆ ಅಂಟುವಂಥದ್ದು. ಅದು ಹಿಮದ ನಾಡಿನಲ್ಲಿ ಒಳಗೆ ತೊಡಲು ಹುಟ್ಟಿದ ಆಕಾರ. ಬೂದಿಕೋಟೆಯ ಬಂಡೆಯ ಮೇಲೆ ಅದಕ್ಕೆ ಕೆಲಸವಿಲ್ಲ.

ನೇಯ್ಗೆಯೂ ಮುಖ್ಯ. ಬಟ್ಟೆ ಬಿಸಿಲಿನ ನೇರಳಾತೀತ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ತೆಳು ಬಿಳಿ ಕಾಟನ್ ಟೀ ಶರ್ಟಿಗೆ ಅದು ಸುಮಾರು 7, ಬೆವರಿನಿಂದ ಒದ್ದೆಯಾದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ದಟ್ಟವಾಗಿ ನೇಯ್ದ ಗಾಢ ಬಣ್ಣದ ಡೆನಿಮ್ಮಿಗೆ ಸಾವಿರಕ್ಕೂ ಮೇಲೆ. ಹಾಗೆಂದು ಜೀನ್ಸ್ ತೊಡಿ ಎನ್ನುವುದಿಲ್ಲ. ಅದು ಭಾರ, ಮಂಡಿ ಮಡಚಲು ಬಿಡುವುದಿಲ್ಲ, ಒದ್ದೆಯಾದರೆ ಸಂಜೆಯಾದರೂ ಆರುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಆಚೆ ಬದಿ ಸ್ಪಷ್ಟವಾಗಿ ಕಂಡರೆ ಬಿಸಿಲಿಗೂ ಆ ದಾರಿ ಕಾಣುತ್ತದೆ. ದಟ್ಟ ನೇಯ್ಗೆಯ ಪಾಪ್ಲಿನ್, ಒಳ್ಳೆಯ ಖಾದಿ, ಹಳೆ ಶಾಲಾ ಸಮವಸ್ತ್ರದ ಮಿಶ್ರ ಬಟ್ಟೆ, ಇವು ಸಾಕು. ನಮ್ಮ ಹುಡುಗರು ಕ್ರಿಕೆಟ್ ಟೂರ್ನಮೆಂಟಿಗೆ ಹೊಲಿಸುವ ಪಾಲಿಯೆಸ್ಟರ್ ಜೆರ್ಸಿಯನ್ನೂ ತೆಗಳಬೇಕಾಗಿಲ್ಲ. ಹತ್ತಿಯ ನೂಲು ತನ್ನ ತೂಕದ ಶೇ 8ರಷ್ಟು ತೇವವನ್ನು ಸುಮ್ಮನೆ ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ ಅರ್ಧದಷ್ಟೂ ಹಿಡಿಯುವುದಿಲ್ಲ. ಹಾಗಾಗಿ ಓಡುವವರ ಮೈಮೇಲೆ ಅದು ಬೇಗ ಆರುತ್ತದೆ. ವಾಸನೆ ಹಿಡಿಯುತ್ತದೆ ಎಂಬುದೊಂದೇ ದೂರು, ಅದಕ್ಕೆ ಸೋಪಿದೆ.

ಇನ್ನು ತಲೆ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಮ್ಮ ಕಡೆಯ ಜನರ ಶೈಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಟವಲಿನಲ್ಲಿ. ಹೆಗಲ ಮೇಲಿನ ಒಂದು ಟವಲು ದಿನವೊಂದರಲ್ಲಿ ಎಷ್ಟು ರೂಪ ತಾಳುತ್ತದೆ ಎಂಬುದನ್ನು ಗಮನಿಸಿ. ಬೆಳಿಗ್ಗೆ ಚಳಿಗೆ ಕಿವಿ ಮುಚ್ಚುವಂತೆ ಗದ್ದದ ಕೆಳಗೆ ಗಂಟು, ಬಿಸಿಲೇರಿದಾಗ ತಲೆಗೆ ಸುತ್ತು, ಹೊರೆ ಹೊರುವಾಗ ಸಿಂಬಿ, ಮೋಟುಗೋಡೆಯ ಮೇಲೆ ಕೂರುವಾಗ ಆಸನ, ಸಂತೆಯಲ್ಲಿ ಚೀಲ, ನೀರು ಕಂಡಲ್ಲಿ ನೆನೆಸಿ ಕತ್ತಿಗೆ ಹಾಕಿಕೊಂಡರೆ ತಂಪು. ಸುತ್ತುವ ರೀತಿ ಮಾತ್ರ ಒಬ್ಬರದ್ದು ಇನ್ನೊಬ್ಬರಿಗಿಲ್ಲ. ಒಬ್ಬ ತುದಿಯನ್ನು ಹಿಂದೆ ಇಳಿಬಿಟ್ಟು ಕತ್ತು ಮುಚ್ಚಿಕೊಳ್ಳುತ್ತಾನೆ, ಒಬ್ಬ ಬಲಗಿವಿಯ ಮೇಲೆ ಸಿಕ್ಕಿಸುತ್ತಾನೆ, ಇನ್ನೊಬ್ಬ ನೆತ್ತಿ ಬಿಟ್ಟು ಹಣೆಗಷ್ಟೇ ಬಿಗಿಯುತ್ತಾನೆ, ಬೆವರು ಕಣ್ಣಿಗಿಳಿಯಬಾರದೆಂದು. ದೂರದ ಹೊಲದಲ್ಲಿ ಮುಖ ಕಾಣದಿದ್ದರೂ ಟವಲು ಸುತ್ತಿದ ರೀತಿ ನೋಡಿ ಅವರು ಯಾರೆಂದು ಹೇಳುವವರು ಊರಲ್ಲಿದ್ದಾರೆ. ಶೈಲಿ ಎಂದರೆ ನನಗೆ ಇದು: ಅವರವರ ಮೈ, ಅವರವರ ಕೆಲಸ ತಿದ್ದಿ ತಿದ್ದಿ ಕೊಟ್ಟ ರೂಪ. ಬೆಟ್ಟ ಹತ್ತಲು ಬರುವ ಹುಡುಗರಿಗೆ ನನ್ನ ಮೊದಲ ಸಲಹೆ, ಮುಂದೆ ಮಾತ್ರ ಅಂಚಿರುವ ಕ್ಯಾಪು ಬಿಟ್ಟು ಬಂಗಾರಪೇಟೆಯ ಸಂತೆಯಲ್ಲಿ ಒಂದು ಹತ್ತಿಯ ಟವಲು ಕೊಳ್ಳಿ. ಆ ಕ್ಯಾಪು ಕಿವಿಯನ್ನೂ ಕತ್ತಿನ ಹಿಂಬದಿಯನ್ನೂ ಕಾಯುವುದಿಲ್ಲ.

ಬೂದಿಕೋಟೆಯಿಂದ ಕೆಜಿಎಫ್ ದೂರವಿಲ್ಲ. ಆದರೆ ನೆಲದ ಮೇಲಿನ ಈ ನಿಯಮ ಅಲ್ಲಿ ನೆಲದೊಳಗೆ ನಡೆಯುತ್ತಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಷ್ಟು ಆಳದಲ್ಲಿ ಬಂಡೆಯ ಕಾವೇ 60 ಡಿಗ್ರಿ ದಾಟುತ್ತಿತ್ತು. ಬಿಸಿಲಿಲ್ಲ, ಆದರೆ ನಾಲ್ಕೂ ಕಡೆಯಿಂದ ಬಂಡೆ ಕಾಯುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದಿಲ್ಲ. ಅಂಥ ಕಡೆ ಎಂಥ ಬಟ್ಟೆಯೂ ತಂಪು ಕೊಡಲಾರದು, ಯಂತ್ರದಿಂದ ತಂಪು ಮಾಡಿದ ಗಾಳಿಯನ್ನೇ ಕೆಳಗೆ ಕಳಿಸಬೇಕು. ಮೈಮೇಲೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ತಲೆಗೆ ಮತ್ತು ಕಾಲಿಗೆ ಮಾತ್ರ ಗಟ್ಟಿ ರಕ್ಷಣೆ ಬೇಕು. ಏಕೆಂದರೆ ಬಂಡೆ ಒತ್ತಡಕ್ಕೆ ಸಿಡಿಯುವುದು ಕೆಜಿಎಫ್ ಗಣಿಗಳ ಹಳೆಯ ಶಾಪ. ಇಷ್ಟು ಹತ್ತಿರದಲ್ಲೇ ನೆಲದ ಮೇಲೆ ಒಂದು ಉಡುಪು, ಕೆಳಗೆ ಅದಕ್ಕೆ ತದ್ವಿರುದ್ಧದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಎರಡನೆಯ ಉಡುಪು ನಮ್ಮ ಕಣ್ಣಿಂದ ಮರೆಯಾಯಿತು.

ಗಣಿಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗುವುದು ತಪ್ಪು. ನಮ್ಮ ಹಳ್ಳಿಗಳಲ್ಲಿ ಯಾರು ಏನು ತೊಡಬಹುದು ಎಂಬುದನ್ನು ಬಹಳ ಕಾಲ ಬಿಸಿಲು ಮಳೆ ತೀರ್ಮಾನಿಸಲಿಲ್ಲ, ಜಾತಿ ತೀರ್ಮಾನಿಸಿತು. ಮೇಲಿನವರ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾದವರು ಇದ್ದರು. ಮಂಡಿಯ ಕೆಳಗೆ ಪಂಚೆ ಇಳಿಬಿಡಬಾರದು, ತಲೆಗೆ ಒಳ್ಳೆಯ ರುಮಾಲು ಸುತ್ತಬಾರದು ಎಂಬ ಕಟ್ಟುಗಳಿದ್ದವು. ಜಾಲಿ ಮುಳ್ಳಿನ ನೆಲದಲ್ಲಿ ಬರಿಗಾಲಲ್ಲಿ ನಡೆಸುವುದು ಮೈಗೆ ಮಾಡುವ ಹಿಂಸೆ ಎಂದು ಬಾಯಿಬಿಟ್ಟು ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದ ನಂತರ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು ಬಹುಸಂಖ್ಯೆಯಲ್ಲಿ ಗಣಿ ಕೆಲಸಕ್ಕೆ ಬಂದರು. ದುಡಿಮೆ ಭಯಂಕರವಾಗಿತ್ತು, ಬಂಗಾರ ಬೇರೆಯವರ ಪಾಲಾಯಿತು. ಆದರೂ ಕೂಲಿ ಕಾಸಾಗಿ ಕೈಗೆ ಬಂತು, ಕಾಸಿನಿಂದ ಪ್ಯಾಂಟು, ಬೂಟು, ಟೋಪಿ ಬಂದವು. ಆ ಬೂಟು ಹಾಕಿಕೊಂಡು ತನ್ನೂರಿಗೆ ಹೋದವನಿಗೆ ಅದು ಕಾಲಿನ ರಕ್ಷಣೆಯಷ್ಟೇ ಆಗಿರಲಿಲ್ಲ. ನಮ್ಮ ಊರುಗಳ ವೃತ್ತಗಳಲ್ಲಿ ನಿಂತಿರುವ ಅಂಬೇಡ್ಕರ್ ಪ್ರತಿಮೆಯ ನೀಲಿ ಸೂಟನ್ನು ಕಂಡು, ಈ ಬಿಸಿಲಿಗೆ ಸೂಟೇಕೆ ಎಂದು ಕೇಳುವವರು ಈ ಇತಿಹಾಸವನ್ನು ಓದಬೇಕು. ಹೊರಗಿನ ದುಡಿಮೆಯ ಬಟ್ಟೆಯಲ್ಲೂ ಮಾನದ ಪ್ರಶ್ನೆ ಇದೆ, ಅದನ್ನು ಬಿಟ್ಟು ಬರಿಯ ಅನುಕೂಲ ಮಾತಾಡಿದರೆ ಅರ್ಧ ಮಾತ್ರ ಮಾತಾಡಿದ ಹಾಗೆ.

ಡಿಸೆಂಬರ್ ಜನವರಿಯಲ್ಲಿ ರಾಗಿ ಒಕ್ಕಣೆಯ ಹೊತ್ತಿಗೆ ಬೆಳಗಿನ ಚಳಿ ಮೂಳೆಗೆ ತಾಗುತ್ತದೆ. ಆರು ಗಂಟೆಗೆ ಸ್ವೆಟರು, ಮಂಕಿ ಟೋಪಿ, ಮೇಲೆ ಹೊದಿಕೆ. ಒಂಬತ್ತಕ್ಕೆ ಒಂದೊಂದೇ ಕಳಚಿ ಬದುವಿನ ಮೇಲೆ ಇಡುತ್ತಾರೆ. ಪರ್ವತಾರೋಹಿಗಳು ಪದರ ಪದರವಾಗಿ ತೊಡುವುದನ್ನು ದೊಡ್ಡ ತಂತ್ರವೆಂದು ಕಲಿಸುತ್ತಾರೆ, ಇದೂ ಅದೇ. ಕುರುಬರ ಕರಿ ಕಂಬಳಿ ಈ ವಿಷಯದಲ್ಲಿ ದೊಡ್ಡ ಸಾಧನೆ. ದಕ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿರುಸು ಮಾಡುತ್ತಾರೆ. ಸಣ್ಣ ಮಳೆ ಅದರ ಮೇಲಿಂದ ಜಾರುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಬೆಚ್ಚಗಿರುವುದನ್ನು ಬಿಡುವುದಿಲ್ಲ. ಹತ್ತಿ ಹಾಗಲ್ಲ, ಚಳಿಯಲ್ಲಿ ನೆನೆದರೆ ಮೈಯ ಕಾವನ್ನೇ ಕದಿಯುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟಕ್ಕೆ ಚಾರಣ ಹೋಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು: ಬೂದಿಕೋಟೆಯ ಬಿಸಿಲಿಗೆ ಒಳ್ಳೆಯದಾದ ಹತ್ತಿ ಬಟ್ಟೆ ಕುದುರೆಮುಖದ ಮಳೆಗಾಳಿಗೆ ಒಳ್ಳೆಯದಲ್ಲ.

ರೇಷ್ಮೆಯ ಬಗ್ಗೆ ಒಂದು ಮಾತು, ನಾವು ಹಿಪ್ಪುನೇರಳೆ ಬೆಳೆಯುವ ಜಿಲ್ಲೆಯವರಾದ್ದರಿಂದ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಹಲವು ಪದರಗಳು, ಹೊರಗೆ ಗ್ಯಾಬರ್ಡಿನ್. ಅದೇ ರೀತಿಯ ಉಡುಪನ್ನು ಮತ್ತೆ ಹೊಲಿಸಿ 2006ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲಿ ತೊಟ್ಟು ನೋಡಿದಾಗ ಅದು ಹಗುರವೂ ಹಿತವೂ ಆಗಿತ್ತು. ರೇಷ್ಮೆಯ ಪದರ ಇನ್ನೊಂದರ ಮೇಲೆ ಸಲೀಸಾಗಿ ಜಾರುವುದರಿಂದ ಕೈಕಾಲು ಆಡಿಸಲು ಅಡ್ಡಿಯಾಗುವುದಿಲ್ಲ. ಗೂಡು ಬೆಳೆದು ಮಾರುವ ನಾವು ರೇಷ್ಮೆಯನ್ನು ಮದುವೆ ಸೀರೆಗಷ್ಟೇ ಮೀಸಲಿಟ್ಟಿದ್ದೇವೆ.

ಕಾಲಿನ ವಿಷಯಕ್ಕೆ ಬಂದರೆ ನನಗೆ ಸಮಾಧಾನವಿಲ್ಲ. ಮೈಯನ್ನೂ ತಲೆಯನ್ನೂ ಇಷ್ಟು ಚೆನ್ನಾಗಿ ಕಾಯ್ದುಕೊಳ್ಳುವ ಜನ ಪಾದವನ್ನು ಮಾತ್ರ ಹವಾಯಿ ಚಪ್ಪಲಿಗೆ ಬಿಟ್ಟುಬಿಟ್ಟಿದ್ದೇವೆ. ಬಳ್ಳಾರಿ ಜಾಲಿಯ ಮುಳ್ಳು ಅದರ ಮೆತ್ತನೆ ರಬ್ಬರನ್ನು ದಾಟಿ ಅಂಗಾಲಿಗೆ ಇಳಿಯುತ್ತದೆ. ಹಿಂದಿನ ಟೈರ್ ಚಪ್ಪಲಿ ಭಾರವಿದ್ದರೂ ಮುಳ್ಳಿಗೆ ಬಗ್ಗುತ್ತಿರಲಿಲ್ಲ, ಈಗ ಅದನ್ನು ಹೊಲಿಯುವವರು ಕಡಿಮೆಯಾಗಿದ್ದಾರೆ. ಮುಳ್ಳಾದರೂ ಪಿನ್ನಿಗೆ ಬರುತ್ತದೆ, ಹಾವು ಹಾಗಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕಚ್ಚುವುದು ಬಹುಪಾಲು ಪಾದಕ್ಕೆ, ಹರಡಿಗೆ, ಮೀನಖಂಡಕ್ಕೆ. ಕೊಳಕುಮಂಡಲ ರಾಗಿ ಮೆದೆಯ ಬಣ್ಣದಲ್ಲೇ ಬೆರೆತು ಮಲಗಿರುತ್ತದೆ, ಕತ್ತಲಲ್ಲಿ ಕಾಲಿಟ್ಟವರಿಗೆ ಕಾಣುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ, ಇದು ಒಳ್ಳೆಯ ಹೆಜ್ಜೆ. ಆದರೆ ಕಚ್ಚುವುದನ್ನೇ ತಡೆಯುವ ವಸ್ತು ಗಂ ಬೂಟು. ಏಪ್ರಿಲ್ ಮಧ್ಯಾಹ್ನ ಅದನ್ನು ತೊಟ್ಟು ಕೆಲಸ ಮಾಡಲು ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ರಾತ್ರಿ ಮೋಟರು ಹಾಕಲು ಹೋಗುವವರು, ಮುಂಜಾನೆ ಹುಲ್ಲು ಕೊಯ್ಯುವವರು, ಮೆದೆ ಕೀಳುವವರು ಆ ಒಂದೆರಡು ಗಂಟೆಗಾದರೂ ತೊಡಲಿ. ಹಗಲಿಗೆ ಹರಡು ಮುಚ್ಚುವ ದಪ್ಪ ಕ್ಯಾನ್ವಾಸ್ ಷೂ, ಕಾಲುಚೀಲ, ಅದರ ಮೇಲೆ ಇಳಿಬಿದ್ದ ಸಡಿಲ ಪ್ಯಾಂಟು. ಚಾರಣಕ್ಕೆ ಬರುವ ಹುಡುಗಿಯರ ಕಣಕಾಲು ತೋರಿಸುವ ಗಿಡ್ಡ ಪ್ಯಾಂಟು ಬಂಡೆಗಳ ನಡುವೆ ಬೇಡ. ಗರಗಸ ಮಂಡಲ ಇಂಥ ಒಣ ಕಲ್ಲುನೆಲದ ಹಾವು, ಗಾತ್ರ ಚಿಕ್ಕದು, ಚುರುಕು ಹೆಚ್ಚು.

ಬೂದಿಕೋಟೆ, ಕಾಮಸಮುದ್ರ ಕಡೆಯವರಿಗೆ ಇನ್ನೊಂದು ಚಿಂತೆ ಇದೆ. ತಮಿಳುನಾಡಿನ ಗಡಿಯ ಕಾಡಿನಿಂದ ಆನೆಗಳು ಬಂದು ಬೆಳೆ ತುಳಿಯುತ್ತವೆ, ಜನರ ಪ್ರಾಣವೂ ಹೋಗಿದೆ. ರಾತ್ರಿ ಕಾವಲಿಗೆ ಹೋಗುವವರು ಬಟ್ಟೆಯ ಬಗ್ಗೆ ಯೋಚಿಸಬೇಕೆ? ಯೋಚಿಸಬೇಕು ಎನ್ನಲು ಕೀನ್ಯಾ ದೇಶದ ಒಂದು ಪ್ರಯೋಗ ಕಾರಣ. ಅಂಬೊಸೆಲಿಯಲ್ಲಿ ಲೂಸಿ ಬೇಟ್ಸ್ ಮತ್ತು ಸಂಗಡಿಗರು, ಆನೆಗಳನ್ನು ಈಟಿಯಿಂದ ತಿವಿಯುವ ಪದ್ಧತಿ ಇರುವ ಮಸಾಯಿ ಜನ ತೊಟ್ಟ ಬಟ್ಟೆ, ಬೇಸಾಯ ಮಾಡುವ ಕಂಬಾ ಜನ ತೊಟ್ಟ ಬಟ್ಟೆ, ಯಾರೂ ತೊಡದ ಬಟ್ಟೆ, ಮೂರನ್ನೂ ಆನೆಗಳಿಗೆ ಒಡ್ಡಿದರು. ಮಸಾಯಿಗಳ ಬಟ್ಟೆಯ ವಾಸನೆ ಬಂದೊಡನೆ ಆನೆಗಳು ಬೇಗ ಓಡಿದವು, ದೂರ ಓಡಿದವು. ಮಸಾಯಿಗಳು ಉಡುವ ಕೆಂಪು ಬಣ್ಣದ, ಯಾರೂ ತೊಡದ ಬಟ್ಟೆ ಕಂಡಾಗ ಸಿಟ್ಟಿಗೆದ್ದವು, ಬಿಳಿಗೆ ಅಷ್ಟಿಲ್ಲ. 2007ರಲ್ಲಿ ಇದು ಪ್ರಕಟವಾಯಿತು. ಅದು ಆಫ್ರಿಕದ ಆನೆ, ನಮ್ಮದು ಬೇರೆ ಜಾತಿ, ಹಾಗಾಗಿ ಕೆಂಪು ತೊಡಬೇಡಿ ಎಂದು ಇದರಿಂದ ನಿಯಮ ಹೊರಡಿಸಲಾಗದು. ಆದರೆ ನಮ್ಮ ಬಟ್ಟೆಯನ್ನು ಆನೆ ಮೂಗಿನಿಂದ ಓದುತ್ತದೆ ಎಂಬಷ್ಟು ತಿಳಿದರೆ ಸಾಕು. ಕಾವಲಿನ ಬಟ್ಟೆ ಮಾಸಲು ಬಣ್ಣದ್ದಿರಲಿ, ಸೆಂಟು ಪೌಡರು ಬೇಡ, ಓಡುವಾಗ ಪೊದೆಗೆ ಸಿಕ್ಕುವ ಲುಂಗಿ ಬೇಡ, ಕಾಲಿನಿಂದ ಕಳಚುವ ಚಪ್ಪಲಿ ಬೇಡ. ಕಿವಿಯನ್ನು ಮಾತ್ರ ಯಾವ ಚಳಿಗೂ ಪೂರ್ತಿ ಮುಚ್ಚಬಾರದು. ಕೊಂಬೆ ಮುರಿಯುವ ಸದ್ದೇ ಮೊದಲ ಎಚ್ಚರಿಕೆ.

ಇಷ್ಟೆಲ್ಲ ಹೇಳಿದ್ದು ಮುಂದಿನ ಮಾತಿಗಾಗಿ. ಟೊಮೆಟೊ ತೋಟದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ತೊಡುವುದನ್ನು ನಮ್ಮ ಕಡೆ ಎಲ್ಲೆಲ್ಲೂ ನೋಡಬಹುದು. ಗಂಡನದ್ದೋ ಮಗನದ್ದೋ ಹಳೆ ಶರ್ಟು. ಇದನ್ನು ಯಾವ ವಿನ್ಯಾಸಕಾರರೂ ಹೇಳಿಕೊಡಲಿಲ್ಲ. ರವಿಕೆಯ ಗಿಡ್ಡ ತೋಳು ಬಿಸಿಲಿಗೆ ಸಾಲದು, ಟೊಮೆಟೊ ಗಿಡದ ಹಸಿರು ಕರೆ ಬಟ್ಟೆಗೆ ಹತ್ತಿದರೆ ಹೋಗದು, ರಾಗಿ ತೆನೆಯ ಸುಂಕು ಮೈಗೆ ತುರಿಕೆ, ಬಗ್ಗಿದಾಗ ಸೆರಗು ಜಾರುತ್ತದೆ. ಒಂದು ಶರ್ಟು ಈ ನಾಲ್ಕಕ್ಕೂ ಉತ್ತರ. ಅದರ ಜೊತೆಗೆ ಒಂದು ಜೇಬೂ ಸಿಕ್ಕಿತು, ಸೀರೆಗೆ ಇಲ್ಲದ್ದು. ಹೊರಾಂಗಣದ ಉಡುಪಿನ ಇತಿಹಾಸದಲ್ಲಿ ನಮ್ಮ ಕಾಲದ ಅತ್ಯುತ್ತಮ ಆವಿಷ್ಕಾರ ಇದೇ ಎಂದು ನಾನು ನಂಬಿದ್ದೇನೆ, ಇದನ್ನು ಕಂಡುಹಿಡಿದವರು ಕೂಲಿ ಹೆಂಗಸರು.

ಆದರೆ ಅದು ಅವರ ಮೈಗೆ ಹೊಲಿದ ಶರ್ಟಲ್ಲ. ಹೆಗಲು ಅಗಲ, ಎದೆಯ ಹತ್ತಿರ ಗುಂಡಿ ಬಿಗಿ, ತೋಳು ಮಡಚಿ ಮಡಚಿ ದಪ್ಪವಾಗುತ್ತದೆ, ಮಡಚದಿದ್ದರೆ ಕೈ ಮುಚ್ಚುತ್ತದೆ. ಎದೆಯ ಜೇಬಿನಲ್ಲಿ ಫೋನು ಇಟ್ಟು ಬಗ್ಗಿದರೆ ಫೋನು ಪಾತಿಯಲ್ಲಿ. ಇನ್ನೂ ಗಂಭೀರವಾದದ್ದು ಔಷಧಿ ಹೊಡೆಯುವ ದಿನದ ಕತೆ. ಕೀಟನಾಶಕ ದೇಹಕ್ಕೆ ಸೇರುವ ಮುಖ್ಯ ದಾರಿ ಚರ್ಮ. ಬೆನ್ನಿಗೆ ಕಟ್ಟಿದ ಡಬ್ಬಿ ಸೋರಿದರೆ ಹತ್ತಿ ಬಟ್ಟೆ ಆ ವಿಷವನ್ನು ಹೀರಿ ಗಂಟೆಗಟ್ಟಲೆ ಬೆನ್ನಿಗೆ ಒತ್ತಿ ಹಿಡಿಯುತ್ತದೆ. ಆ ದಿನ ಬೆನ್ನಿಗೊಂದು ಪ್ಲಾಸ್ಟಿಕ್ ಹಾಳೆ, ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಸರಿಯಾದ ಮಾಸ್ಕು ಬೇಕೇ ಬೇಕು. ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ, ಅದರಲ್ಲೂ ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು. ಒಗೆಯುವವರೂ ಸಾಮಾನ್ಯವಾಗಿ ಹೆಂಗಸರೇ, ಔಷಧಿ ಹೊಡೆದವರು ಯಾರಾದರೂ ವಿಷ ಕೈಗೆ ತಾಗುವುದು ಅವರಿಗೆ.

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳೂ ಇದ್ದಾರೆ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಹೊಲಿದ ಉಡುಪು ಹಡಗು ಹತ್ತಿ ಯುರೋಪು, ಅಮೆರಿಕದ ಅಂಗಡಿಗಳಿಗೆ ಹೋಗುತ್ತದೆ. ಅಲ್ಲಿ ಬೆಟ್ಟ ಹತ್ತುವವರಿಗೆ, ಮೀನು ಹಿಡಿಯುವವರಿಗೆ, ತೋಟ ಮಾಡುವವರಿಗೆ ಬೇರೆ ಬೇರೆ ಅಂಗಿ ಸಿಗುತ್ತದೆ. ಹೊಲಿಗೆಯ ಕೈಚಳಕ ನಮ್ಮ ತಾಲ್ಲೂಕಿನದು, ಬಿಸಿಲು ನಮ್ಮದು, ಟೊಮೆಟೊ ನಮ್ಮದು. ಟೊಮೆಟೊ ಕೀಳುವ ಹೆಂಗಸಿಗೊಂದು ಅಂಗಿ ಮಾತ್ರ ಇಲ್ಲ. ಇದು ನನ್ನನ್ನು ನೋಯಿಸುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕೃಷಿಹೊಂಡ ತೋಡುವ ಹೆಂಗಸರಿಗೂ ಇದೇ ಗತಿ.

ಆದ್ದರಿಂದ ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರ ಮುಂದೆ, ಹೊಲಿಗೆ ಮೆಷಿನ್ನು ಇಟ್ಟುಕೊಂಡ ತಂಗಿಯರ ಮುಂದೆ ಒಂದು ಅಂಗಿಯ ಲೆಕ್ಕ ಇಡುತ್ತೇನೆ. ಬಟ್ಟೆ ದಟ್ಟ ನೇಯ್ಗೆಯ ಹತ್ತಿ, ಎರಡೂವರೆಯಿಂದ ಮೂರು ಮೀಟರ್. ಉದ್ದ ಮಂಡಿಯಿಂದ ಒಂದು ಗೇಣು ಮೇಲಕ್ಕೆ ನಿಲ್ಲಲಿ, ಕುಕ್ಕುರುಗಾಲಲ್ಲಿ ಕೂರಲು ಎರಡೂ ಬದಿ ಸೀಳಿರಲಿ. ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ ಹೊಲಿದರೆ ಕೈ ಮೇಲೆತ್ತಿ ಕಡ್ಡಿಗೆ ಬಳ್ಳಿ ಕಟ್ಟುವಾಗ ಅಂಗಿ ಇಡೀ ಮೇಲೇಳುವುದಿಲ್ಲ. ಬೆನ್ನಿನಲ್ಲಿ ಮಡಿಕೆ ಬಿಟ್ಟರೆ ಗಾಳಿ ಆಡುತ್ತದೆ. ತೋಳು ಮುಂಗೈ ದಾಟಿ ಬರಲಿ, ಅಂಚಿನಲ್ಲಿ ಹೆಬ್ಬೆರಳಿಗೊಂದು ಕಾಜ ಇರಲಿ, ಆಗ ಅಂಗೈಯ ಹಿಂಬದಿ ಬಿಸಿಲಿಗೆ ಸಿಗುವುದಿಲ್ಲ. ಕಾಲರು ಎತ್ತಿದರೆ ನಿಲ್ಲುವಂತಿರಬೇಕು. ಬಗ್ಗಿ ದುಡಿಯುವವರಿಗೆ ಬಿಸಿಲು ಬೀಳುವುದು ಮುಖಕ್ಕಲ್ಲ, ಕತ್ತಿನ ಹಿಂದಕ್ಕೆ. ಗುಂಡಿಯ ಬದಲು ಪ್ರೆಸ್ ಬಟನ್, ಔಷಧಿ ಚೆಲ್ಲಿದರೆ ಒಂದೇ ಎಳೆತಕ್ಕೆ ಬಿಚ್ಚಿ ಎಸೆಯಲು. ಜೇಬು ಎರಡು, ಸೊಂಟದ ಮಟ್ಟಕ್ಕೆ: ಮುಚ್ಚಳವಿರುವುದು ಫೋನಿಗೆ, ಆಳವಾದದ್ದು ಎಲೆ ಅಡಿಕೆಗೆ, ಕೂಲಿ ಕಾಸಿಗೆ.

ಬಣ್ಣವನ್ನು ಮಾತ್ರ ನಾನು ಹೇಳುವುದಿಲ್ಲ. ಇಷ್ಟು ಸಡಿಲವಾದ ಅಂಗಿಗೆ ಕಪ್ಪಾದರೂ ನಡೆಯುತ್ತದೆ, ಹಳದಿಯಾದರೂ ನಡೆಯುತ್ತದೆ. ಅದನ್ನು ತೊಡುವವರೇ ಬಟ್ಟೆ ಅಂಗಡಿಯಲ್ಲಿ ನಿಂತು, ನಾಲ್ಕು ಥಾನು ಬಿಚ್ಚಿಸಿ, ಹೆಗಲ ಮೇಲೆ ಹಾಕಿ ನೋಡಿ ಆರಿಸಿಕೊಳ್ಳಲಿ.